ಕುಳ್ಳ ಮೇಪಲ್ ಬಿಡದೆ ಹಿಡಿದ ಉಣ್ಣೆ

ಬರ್ರಿ ಮಕ್ಕಳಾ, ಕಾಲು ಮಡಚಿ ಕುಂದರ್ರಿ. ಅಂಗಳದ ಕುಳ್ಳ ಮೇಪಲ್ ಗಿಡದ ಎಲೆ ಕೀಳೋದು ಬಿಡ್ರಿ. ಅದರದ್ದೇ ಕಥೆ ಹೇಳತೀನಿ, ಕೇಳ್ರಿ.

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಆಗ ಈ ಗಿಡದ ಎಲೆ ವೀಳ್ಯದೆಲೆಯ ಹಾಗೆ ಇಡಿಯಾಗಿತ್ತು. ವರ್ಷವಿಡೀ ಹಸಿರು, ಬರೀ ಹಸಿರು. ಚಳಿಬೆಟ್ಟದ ಮೇಲೆ, ದೊಡ್ಡ ಮರಗಳ ಅಂಚಿನಲ್ಲಿ ಕುಳ್ಳಗೆ ನಿಂತಿತ್ತು.

ಬೆಟ್ಟದ ಬುಡದಲ್ಲಿ ಲಗುಮವ್ವ ಎಂಬಾಕೆ ನೂಲಿಗೆ ಬಣ್ಣ ಹಾಕಿ ಬದುಕುತ್ತಿದ್ದಳು. ಅವಳ ಮಗಳು ಶಿವಕ್ಕ ಆಗಷ್ಟೇ ಹೆಣ್ಣು ಹೆತ್ತಿದ್ದಳು. ಕೂಸಿನ ಮೊದಲ ಕುಲಾವಿಯ ಉಣ್ಣೆಗೆ ತಾಯಿಯ ತಾಯಿಯೇ ಬಣ್ಣ ಹಾಕಬೇಕು, ಅದು ಅವರ ಮನೆಯ ಪದ್ಧತಿ. ಹಿಮ ಬೀಳುವ ಮುಂಚೆ ಕುಲಾವಿ ಕೂಸಿನ ತಲೆ ಮೇಲಿರಬೇಕು. ಹಿಮವೋ, ಆಗಲೇ ಬೆಟ್ಟದ ತುದಿಗೆ ಬಂದು ಕೂತಿತ್ತು.

ಲಗುಮವ್ವ ಗಡಿಬಿಡಿಯಲ್ಲಿ ಕೆಂಪು, ಹಳದಿ, ಕಿತ್ತಳೆ ಬಣ್ಣ ಕುದಿಸಿದಳು. ಬಣ್ಣ ನೂಲಿಗೆ ಕಚ್ಚಬೇಕಾದರೆ ಪಟಕ ಹಾಕಬೇಕು. ಅಷ್ಟರಲ್ಲಿ ಕೂಸು ಅತ್ತಿತು. ಎತ್ತಿಕೊಳ್ಳಲು ಓಡಿದವಳು ಪಟಕವನ್ನೇ ಮರೆತಳು.

ಬಣ್ಣದಲ್ಲಿ ಅದ್ದಿದ ಒದ್ದೆ ಉಣ್ಣೆ ಹೊತ್ತು, ಬಿಸಿಲು ಹುಡುಕುತ್ತ ಬೆಟ್ಟ ಹತ್ತಿದಳು.

"ಅಣ್ಣಾ, ಒಂದು ಕೊಂಬೆ ಬಗ್ಗಿಸು, ಉಣ್ಣೆ ಒಣಗಿಸಬೇಕು," ಅಂದಳು ದೊಡ್ಡ ಮರಕ್ಕೆ.

"ನಾವು ಬಗ್ಗೋ ಪೈಕಿ ಅಲ್ಲವ್ವ. ಮುಂದೆ ನೋಡು."

ಆಗ ಕೆಳಗಿಂದ ಒಂದು ದನಿ: "ಅವ್ವಾ, ನನ್ನ ಮೇಲೆ ಹರವು."

"ನೀನಾ? ನನ್ನ ಸೊಂಟಕ್ಕೂ ಬರೂದಿಲ್ಲಲ್ಲೋ!"

"ಎತ್ತರ ಇಲ್ಲ, ಖರೆ. ಹಿಡಿದರ ಬಿಡೂದಿಲ್ಲ."

ಲಗುಮವ್ವ ಉಣ್ಣೆ ಹರವಿದಳೋ ಇಲ್ಲವೋ, ಗಾಳಿ ಬಂತು. "ಏ ಕುಳ್ಳಾ, ಆ ಉಣ್ಣೆ ಬಿಡು, ನನಗ ಆಟಕ್ಕ ಬೇಕು!"

"ಬಿಡೂದಿಲ್ಲ."

ಗಾಳಿ ಬೀಸಿತು. ಎಲೆಗಳು ಸೀಳಿ ಸೀಳಿ ಬೆರಳಾದವು. ಆ ಬೆರಳುಗಳಿಂದಲೇ ಗಿಡ ಉಣ್ಣೆ ಹಿಡಿಯಿತು.

"ಬಿಡು!"

"ಬಿಡೂದಿಲ್ಲ."

ಗಾಳಿ ಕೊಂಬೆಗಳನ್ನು ನೆಲಕ್ಕೆ ಒತ್ತಿತು. ಒತ್ತಿದಲ್ಲೇ ಕೊಂಬೆ ಬೇರು ಬಿಟ್ಟು ಮಣ್ಣು ಕಚ್ಚಿತು. ಲಗುಮವ್ವ ಸೆರಗು ಬಿಗಿದು ಕಾಂಡ ತಬ್ಬಿಕೊಂಡಳು. "ನಾನೂ ಬಿಡೂದಿಲ್ಲ, ಏನು ಮಾಡತೀ ಮಾಡು!"

ಹೊತ್ತು ಇಳಿಯುವಷ್ಟರಲ್ಲಿ ಗಾಳಿಗೇ ಏದುಸಿರು ಬಂತು. ಗೊಣಗುತ್ತ ಹೋಯಿತು.

ಉಣ್ಣೆ ಒಣಗಿತ್ತು. ಆದರೆ ಬೆಳ್ಳಗಿತ್ತು! ಬಣ್ಣವೆಲ್ಲ ಇಳಿದು ಎಲೆಗಳಿಗೆ ಹತ್ತಿತ್ತು.

"ಅಯ್ಯ, ಪಟಕ!" ಲಗುಮವ್ವ ಹಣೆ ಬಡಿದುಕೊಂಡಳು.

"ನಾ ನಿನ್ನ ಬಣ್ಣ ಕದ್ದೆನೇನವ್ವಾ?" ಗಿಡ ನಡುಗಿತು.

"ಹುಚ್ಚಪ್ಪಾ, ನೀ ಉಣ್ಣೆ ಉಳಿಸಿದಿ. ಕೂಸಿನ ತಲೆ ಬೆಚ್ಚಗಿದ್ದರ ಸಾಕು. ಬಣ್ಣ ನೀನೇ ಇಟ್ಟುಕೋ."

ಅವಳು ಓಡಿಹೋಗಿ ಕುಲಾವಿ ಹೆಣೆದಳು. ಕಡೆಯ ಗಂಟು ಹಾಕಿ ಕೂಸಿನ ತಲೆಗೆ ಕಟ್ಟಿದಳು. ಹೊರಗೆ ಹಿಮ ಬಿತ್ತು.

ಆ ಕೂಸು ಬಿಳಿ ಕುಲಾವಿಯಲ್ಲೇ ಬೆಚ್ಚಗೆ ಬೆಳೆದು, ಅಜ್ಜಿಯ ಬಣ್ಣದ ಗಡಿಗೆಗಳಿಗೆ ಒಡತಿಯಾಯಿತು. ಶಿವಕ್ಕ ಮಾತ್ರ ಅವ್ವ ಇರುವ ತನಕ, "ಯವ್ವಾ, ಪಟಕ ಹಾಕಿದಿ?" ಅಂತ ಅವಳನ್ನು ಕಾಡುತ್ತಲೇ ಇದ್ದಳು. ದೊಡ್ಡ ಮರಗಳು ಇವತ್ತಿಗೂ ಬಗ್ಗಿಲ್ಲ. ಗಾಳಿ ಇವತ್ತಿಗೂ ಆ ಉಣ್ಣೆ ಹುಡುಕುತ್ತ ತಿರುಗುತ್ತದೆ. ಬೇರು ಬಿಟ್ಟ ಒಂದು ಕೊಂಬೆಯನ್ನು ಲಗುಮವ್ವ ತಂದು ಅಂಗಳದಲ್ಲಿ ನೆಟ್ಟು, ಅದರ ಪಕ್ಕದಲ್ಲೇ ಮುದುಕಿಯಾದಳು.

ಪಟಕ ಇಲ್ಲದ ಬಣ್ಣ ನೋಡ್ರಿ, ನಿಲ್ಲುವುದಿಲ್ಲ. ಅದಕ್ಕೇ ನಮ್ಮ ಅಂಗಳದ ಕುಳ್ಳ ಮೇಪಲ್ ಚಳಿ ಬರುತ್ತಲೇ ನಾಲ್ಕೇ ದಿನ ಕೆಂಪು, ಹಳದಿ, ಕಿತ್ತಳೆಯಾಗಿ ಮೆರೆದು ಎಲೆ ಉದುರಿಸುತ್ತದೆ. ಉದುರಿದ ಎಲೆಯೂ ಏನನ್ನೋ ಹಿಡಿಯುವ ಹಾಗೆ ಬೆರಳು ಚಾಚಿಕೊಂಡೇ ಇರುತ್ತದೆ.