ಬಾಯಿ ತುಂಬ ನೀರು

ಹೊಳೆಯ ದಂಡೆಯ ಮೇಲೆ ಗುರುತಾಯಿ ಬಾಳಮ್ಮನ ಆಶ್ರಮ. ಅಲ್ಲಿ ಮಕ್ಕಳಿಗೆ ಮರಳಿನ ಮೇಲೆ ಓದು ಕಲಿಸುತ್ತಿದ್ದವಳು ಶಿಷ್ಯೆ ಶಾರವ್ವ.

ಮೊದಲು ಒಂದೊಂದು ಅಕ್ಷರದ ಸದ್ದು. ಆಮೇಲೆ ಸದ್ದಿಗೆ ಸದ್ದು ಕೂಡಿಸಿ ಒಂದು ಮಾತು. ಇದು ಅವಳ ಕ್ರಮ.

ಕೆಂಚಿ ಎಂಬ ಪುಟ್ಟ ಹುಡುಗಿ ಎಲ್ಲರಿಗಿಂತ ಮುಂದು. ಶಾರವ್ವ ಏನು ಬರೆದರೂ ಸರಸರನೆ ಓದುತ್ತಿದ್ದಳು. ಶಾರವ್ವನಿಗೆ ಒಳಗೊಳಗೇ ಹೆಮ್ಮೆ.

ಒಂದು ಸಂಜೆ ಕೆಂಚಿಯ ತಾಯಿ ಮಾಳವ್ವ ಬಂದು ನಿಂತಳು.

“ಇಲ್ಲಿ ಗಿಳಿ ಹಂಗೆ ಓದ್ತಾಳಂತೆ. ಮನೆಗೆ ಬಂದರೆ ಮೂಕಿ. ಅವಳ ಮಾವ ‘ಗರಗಸ’ ಅಂತ ಬರೆದು ಓದು ಅಂದ. ಅವನ ಮುಖಾನೇ ನೋಡ್ತಾ ಕೂತಳು.”

“ಅದು ಅವಳಿಗೆ ಚೆನ್ನಾಗಿ ಬರುತ್ತದೆ ಮಾಳವ್ವ.”

“ನಿಮ್ಮ ಮುಂದೆ ಬಂದರೆ ಸಾಕಾ ಅಕ್ಕಾ? ನಾಳೆ ನಾನೂ ಬಂದು ಕೂರ್ತೀನಿ. ನೀವು ಕಲಿಸದೇ ಇರೋ ಒಂದು ಮಾತು ಓದಲಿ. ಓದಲಿಲ್ಲವೋ, ಕುರಿ ಹಿಂದೆ ಹೋಗ್ತಾಳೆ. ಕುರಿ ಏನೂ ಓದು ಅನ್ನಲ್ಲ.”

ಶಾರವ್ವ ಗುರುವಿನ ಬಳಿಗೆ ಹೋದಳು.

“ತಾಯಿ, ನನ್ನೆದುರು ಬರುವ ಓದು ಮನೆಯಲ್ಲಿ ಎಲ್ಲಿ ಹೋಗುತ್ತದೆ?”

ಬಾಳಮ್ಮ ಕೇಳಿದಳು: “ನಿನಗೆ ಓದು ಕಲಿಸಿದವರು ಯಾರು?”

“ಯಾರೂ ಇಲ್ಲ. ಗುಡಿಯ ಕಲ್ಲಿನ ಮೇಲೆ ಒಂದು ಹಾಡು ಕೆತ್ತಿತ್ತು. ಹಾಡು ನನಗೆ ಬಾಯಿಪಾಠ. ಬೆರಳಿಟ್ಟು ಬೆರಳಿಟ್ಟು ಹೊಂದಿಸಿಕೊಂಡೆ.”

“ತಡವರಿಸಿದಾಗ ಕಲ್ಲು ಹೇಳಿಕೊಟ್ಟಿತೇ?”

“ಕಲ್ಲು ಏನು ಹೇಳೀತು? ಬಹಳ ಕಷ್ಟಪಟ್ಟೆ. ಆ ಕಷ್ಟ ಈ ಮಕ್ಕಳಿಗೆ ಬೇಡ ಅಂತಲೇ ನಾನು ಪಕ್ಕದಲ್ಲಿ ಕೂರುವುದು.”

“ನಾಳೆ ಪಾಠಕ್ಕೆ ಮುಂಚೆ ಹೊಳೆಗಿಳಿದು ಬಾಯಿ ತುಂಬ ನೀರು ತುಂಬಿಕೊಂಡು ಬಾ. ಮಗು ಓದುವ ತನಕ ನುಂಗಬೇಡ, ಉಗುಳಬೇಡ.”

“ಬಾಯಲ್ಲಿ ನೀರಿಟ್ಟುಕೊಂಡು ಕಲಿಸುವುದು ಹೇಗೆ?”

“ನನಗೂ ನೋಡಬೇಕಿದೆ,” ಎಂದಳು ಬಾಳಮ್ಮ.

ಮರುದಿನ ಮಾಳವ್ವ ಬಂದು ಕೂತಳು. ಬಾಳಮ್ಮನೇ ಮರಳಿನ ಮೇಲೆ ಬರೆದಳು: ಹವಳ.

ಕೆಂಚಿ ಶಾರವ್ವನ ಮುಖ ನೋಡಿದಳು. ಕೆನ್ನೆ ಉಬ್ಬಿತ್ತು.

“ಅಕ್ಕ, ಬಾಯಲ್ಲಿ ಕಡುಬು ಇಟ್ಕೊಂಡಿದ್ದೀರಾ?”

ಉಳಿದ ಮಕ್ಕಳು ನಕ್ಕರು. ಶಾರವ್ವ ಮರಳಿನತ್ತ ಬೆರಳು ತೋರಿಸಿದಳು.

“ಹ...” ಎಂದು ಕೆಂಚಿ ನಿಂತಳು. ಕಣ್ಣು ಮತ್ತೆ ಮೇಲಕ್ಕೆ ಬಂತು.

ಶಾರವ್ವನ ತುಟಿ ತಾನಾಗಿಯೇ ಮುಂದಿನ ಸದ್ದಿಗೆ ಹೊರಟಿತು. ನೀರು ತುಳುಕಿ ಗದ್ದದ ಮೇಲೆ ಇಳಿಯಿತು.

ಅವಳು ಬೆಚ್ಚಿದಳು. ಹುಡುಗಿಯ ಕಣ್ಣು ತನ್ನ ತುಟಿಯ ಮೇಲಿತ್ತು. ದಿನವೂ ಅಲ್ಲೇ ಇರುತ್ತಿತ್ತೇ? ಮರಳು ನೋಡಿ ಓದಿದ್ದು ಎಂದಾದರೂ ಉಂಟೇ?

ಮಾಳವ್ವ ಸೆರಗು ಕೊಡವಿ ಎದ್ದಳು. “ನಾನು ಹೇಳಲಿಲ್ಲವಾ? ಏಳು ಕೆಂಚಿ.”

ಒಂದು ಗುಟುಕು ನುಂಗಿ ಒಂದು ಸದ್ದು ಹೇಳಿಬಿಟ್ಟರೆ ಹುಡುಗಿ ಇಲ್ಲೇ ಉಳಿಯುತ್ತಾಳೆ. ಶಾರವ್ವ ಗುರುವಿನತ್ತ ನೋಡಿದಳು. ಬಾಳಮ್ಮ ಹೊಳೆಯ ಕಡೆ ನೋಡುತ್ತಿದ್ದಳು.

ಶಾರವ್ವ ನುಂಗಲಿಲ್ಲ. ಮುಖವನ್ನೇ ಆಚೆ ತಿರುಗಿಸಿ ಕೂತಳು.

ನೋಡಲು ಬೇರೆ ಏನೂ ಸಿಗದೆ ಕೆಂಚಿ ಮರಳು ನೋಡಿದಳು. ಅಕ್ಷರದ ಕೆಳಗೆ ಬೆರಳಿಟ್ಟಳು.

“ಹ... ವ...” ತಡೆದಳು. ಮತ್ತೆ ಮೊದಲಿಂದ ಹೊರಟಳು. “ಹ, ವ... ಳ. ಹವ... ಹವಳ.”

ಗಕ್ಕನೆ ತಾಯಿಯ ಕಡೆ ತಿರುಗಿದಳು. “ಅವ್ವ, ಇದು ನಿನ್ನ ತಾಳಿಯಲ್ಲಿ ಐತಲ್ಲ, ಕೆಂಪಗೆ, ಅದು.”

ಮಾಳವ್ವನ ಕೈ ಕೊರಳಿಗೆ ಹೋಯಿತು. ಮರಳಿನ ಮೇಲಿನ ಗೆರೆಗಳನ್ನು ನೋಡಿದಳು, ಬೆರಳಿಗೆ ಸಿಕ್ಕ ಮಣಿಯನ್ನು ನೋಡಿದಳು. ಮೆಲ್ಲಗೆ ಮತ್ತೆ ಕೂತಳು.

“ಇನ್ನೊಂದು ಬರೀರಿ ನೋಡೋಣ,” ಅಂದಳು.

ಮಕ್ಕಳೆಲ್ಲ ಹೋದ ಮೇಲೆ ಶಾರವ್ವ ಗುರುವಿನ ಎದುರು ನಿಂತಳು. ಗದ್ದ ಇನ್ನೂ ಒದ್ದೆಯಾಗಿತ್ತು.

“ತಾಯಿ, ನಾನು ಕಲಿಸುವುದನ್ನು ನೀವು ಮೊದಲ ದಿನದಿಂದ ನೋಡುತ್ತಿದ್ದಿರಿ. ತಪ್ಪು ಎಲ್ಲಿದೆ ಅಂತ ಆಗಲೇ ಹೇಳಬಹುದಿತ್ತಲ್ಲ?”

ಬಾಳಮ್ಮ ಅಂದಳು:

“ನನ್ನ ಬಾಯಲ್ಲೂ ನೀರಿತ್ತು.”