ಒಂದೇ ಪಯಣದ ಇಂಧನ

ನದಿ ದಂಡೆಯ ಆಶ್ರಮದಲ್ಲಿ ಮೃಡಯ್ಯ ಗುರುಗಳು ಆಕಾಶದಲ್ಲಿ ದಾರಿ ಹಾಕುವ ವಿದ್ಯೆ ಕಲಿಸುತ್ತಿದ್ದರು. ಧೂಮಕೇತುವೊಂದನ್ನು ಹತ್ತಿರದಿಂದ ನೋಡಲೆಂದು, ಆಳಿಲ್ಲದ ಒಂದು ನೌಕೆಯನ್ನೇ ಶಿಷ್ಯೆ ಶಾಂಭವಿಯ ಕೈಗೆ ಒಪ್ಪಿಸಿದ್ದರು.

ಧೂಮಕೇತು ಕಂಡ ಮೇಲೆ ನೌಕೆ ಕಟ್ಟಲು ಕೂತರೆ ಆಯಿತು, ಅದು ಬಂದು ಹೋಗಿ ಯಾವ ಕಾಲವೋ! ಅದಕ್ಕೇ ನೌಕೆಯನ್ನು ಮೊದಲೇ ಕಳಿಸಿ, ಭೂಮಿಯಿಂದಾಚೆ ಕಾಯಲು ಬಿಟ್ಟಿದ್ದರು. ಇಂಧನ ಒಂದೇ ಪಯಣಕ್ಕೆ. ಹೊರಟರೆ ತಿರುಗಿ ಬರುವ ಮಾತಿಲ್ಲ.

ಮೂರು ಧೂಮಕೇತು ಬಂದವು. ಹೆಣ್ಣು ನೋಡಲು ಹೋದ ವರನ ತಾಯಿಯ ಹಾಗೆ ಶಾಂಭವಿ ಮೂರಕ್ಕೂ ಕೊಂಕು ತೆಗೆದಳು. ಒಂದು ತೀರಾ ಚಿಕ್ಕದು. ಒಂದಕ್ಕೆ ಬಾಲವೇ ಸರಿಯಿಲ್ಲ. ಇನ್ನೊಂದು, ಪಾಪ, ಯಾಕೋ ಹಿಡಿಸಲಿಲ್ಲ.

ಒಂದು ಬೆಳಿಗ್ಗೆ ಅವಳು ಏದುಸಿರು ಬಿಡುತ್ತ ಓಡಿ ಬಂದಳು.

"ಗುರುಗಳೇ, ಹೊಸದೊಂದು ಸಿಕ್ಕಿದೆ! ಸೂರ್ಯನ ಹತ್ತಿರ ಇದೇ ಮೊದಲ ಸಲ ಬರ್ತಿದೆ. ಇದುವರೆಗೂ ಬಿಸಿಲನ್ನೇ ಕಂಡಿಲ್ಲ!"

"ದಾರಿ ಹಾಕಿದೆಯಾ?"

"ಹಾಕಿದೆ. ಅದು ಈಗಿರೋ ಕಡೆಗಲ್ಲ, ಮುಂದೆ ಭೂಮಿಯ ದಾರಿ ದಾಟೋ ಜಾಗಕ್ಕೆ. ಅದೂ ನಮ್ಮ ನೌಕೆಯೂ ಒಂದೇ ದಿನ ಅಲ್ಲಿರುತ್ತವೆ. ಇಂಧನವೂ ಸಾಕು. ಆದರೆ ಇವತ್ತು ಹೊತ್ತು ಮುಳುಗೋದರೊಳಗೆ ಹೊರಡಬೇಕು. ತಪ್ಪಿದರೆ ಎಷ್ಟು ಓಡಿದರೂ ಸಿಗಲ್ಲ."

"ಮತ್ತೆ ಹೊರಡಿಸು, ತಾಯಿ. ಇಲ್ಲೇನು ನಿನಗೆ ಕೆಲಸ?"

ಇಷ್ಟು ಖುಷಿ ಶಾಂಭವಿಗೆ ಹಿಂದೆಂದೂ ಆಗಿರಲಿಲ್ಲ. ಇಷ್ಟು ಭಯವೂ ಆಗಿರಲಿಲ್ಲ.

"ನಾಳೆ ಇದಕ್ಕಿಂತ ಒಳ್ಳೆಯದು ಬಂದರೆ? ಇನ್ನೊಂದು ಸಲ ಯೋಚನೆ ಮಾಡ್ತೀನಿ."

ಯೋಚಿಸುತ್ತ ಕೂತಳು. ಮಧ್ಯಾಹ್ನ ಕಳೆಯಿತು. ಅಡುಗೆಗೆ ನೀರು ತರುತ್ತೇನೆಂದು ಕೊಡ ಹಿಡಿದು ಹೋದ ಗುರುಗಳು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಮೊಣಕಾಲುದ್ದ ನೀರಲ್ಲಿ ಖಾಲಿ ಕೊಡ ಹಿಡಿದು ಸುಮ್ಮನೆ ನಿಂತಿದ್ದಾರೆ!

"ಏನ್ ಗುರುಗಳೇ ಇದು? ಅಲ್ಲಿ ಒಲೆ ಸುಮ್ಮನೆ ಉರೀತಿದೆ. ನೀರು ತುಂಬಲಿಲ್ವಾ?"

"ಇರು, ಇರು. ಮೇಲಿಂದ ಇನ್ನೂ ಒಳ್ಳೆ ನೀರು ಬರ್ತಿರಬಹುದು."

"ಅಯ್ಯೋ, ಈ ನೀರಿಗೇನಾಗಿದೆ? ತಳದ ಕಲ್ಲೂ ಕಾಣ್ತಿದೆ. ಇದನ್ನೇ ತುಂಬಿಕೊಂಡು..."

ಶಾಂಭವಿ ಸೂರ್ಯನ ಕಡೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿದ್ದೆನೋ ಎದ್ದೆನೋ ಎಂದು ಓಡಿದಳು.

ಆಜ್ಞೆ ಹೋಯಿತು. ಕಾದಳು. ಅಷ್ಟು ದೂರದಿಂದ ನೌಕೆಯ ಉತ್ತರ ಬಂತು: ಹೊರಟಿದ್ದೇನೆ.

"ಹೊರಟಿತು! ಗುರುಗಳೇ, ಹೊರಟಿತು!"

ಅವಳು ಕೂಗಿದ ರಭಸಕ್ಕೆ ಆಶ್ರಮವೇ ಓಡಿಬಂತು. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಬೇರೆ. ಗುರುಗಳ ಕಾಲಿಗೆ ಬಿದ್ದು ಎದ್ದಳು. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಗುರುಗಳೇ, ನಾಳೆ ನಿಜವಾಗಲೂ ಇದಕ್ಕಿಂತ ಚೆಂದದ್ದು ಬಂದುಬಿಟ್ಟರೆ?"

"ಬರದೆ ಏನು, ಬಂದೇ ಬರುತ್ತೆ," ಎಂದರು ಗುರುಗಳು. "ಅದರ ಹತ್ತಿರ ನೌಕೆ ಕಳಿಸೋಳು ಈಗ ಎಲ್ಲೋ ಕೂತು ಅ ಆ ಇ ಈ ತಿದ್ದುತ್ತಿದ್ದಾಳೆ."