ಹಿಂಗಾರಿಯ ಅರ್ಧ ದುಪ್ಪಟಿ

ಈ ರೇಡಿಯೊದಲ್ಲಿ ಹವಾಮಾನ ಹೇಳುವವರಿಗೆ ಬೇರೆ ಮಾತೇ ಗೊತ್ತಿಲ್ಲವೇನೋ! ದಸರೆ ಮುಗಿದು ದೀಪಾವಳಿ ಹತ್ತಿರವಾಯಿತೆಂದರೆ ವಾರವಿಡೀ ಅದೇ ಪಾಠ. ಬೆಳಿಗ್ಗೆ ಮಂಜು, ಆಮೇಲೆ ಬಿಸಿಲು, ಸಂಜೆ ಗುಡುಗು ಸಹಿತ ಮಳೆ. ಯಾಕೆ ಹಾಗೆ ಅಂತ ನನ್ನನ್ನು ಕೇಳು, ಕೂಸೇ. ಕಾಲು ಮಡಚಿ ಕೂತುಕೋ. ನಡುವೆ ಬಾಯಿ ಹಾಕಿದರೆ ಕತೆ ಅಲ್ಲೇ ನಿಲ್ಲಿಸಿಬಿಡುತ್ತೇನೆ, ನೋಡು.

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಹೆಸರಿರಲಿಲ್ಲ, ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ. ಆದರೆ ಮಳೆಗಳು ಇದ್ದವು, ಒಬ್ಬ ಅಣ್ಣ, ಒಬ್ಬಳು ತಂಗಿ.

ಅಣ್ಣ ಮುಂಗಾರು ಪಡುವಣ ಕಡಲಿನಿಂದ ಬರುತ್ತಿದ್ದ. ಜನ ಆರತಿ ಹಿಡಿದು ಅವನ ದಾರಿ ಕಾಯುತ್ತಿದ್ದರು. ಅವನು ಮನೆಗೆ ಮರಳಿದ ಮೇಲೆ ತಂಗಿ ಹಿಂಗಾರಿ ಮೂಡಣ ಕಡಲಿನಿಂದ ಹೊರಡುತ್ತಿದ್ದಳು. ಅವಳಿಗೆ ಹೊತ್ತು ಗೊತ್ತು ಒಂದೂ ಇರಲಿಲ್ಲ. ಬೆಳಿಗ್ಗೆಯೋ ಮಧ್ಯಾಹ್ನವೋ, ಮನಸ್ಸು ಬಂದಾಗ ಬಂದು, ಸದ್ದಿಲ್ಲದೆ ಸುರಿದು ಹೋಗುತ್ತಿದ್ದಳು.

ಆಗ ನೇಕಾರರ ಬೀದಿಯಲ್ಲಿ ದುಂಡವ್ವ ಅಂತ ಒಬ್ಬ ಮುದುಕಿ ಇದ್ದಳು. ಅವಳಿಗೆ ನಿಂಬಿ ಅನ್ನುವ ಪುಟ್ಟ ಮೊಮ್ಮಗಳು. ಹೋದ ಚಳಿಗಾಲವೆಲ್ಲ ನಿಂಬಿ ಕೆಮ್ಮಿ ಕೆಮ್ಮಿ ಸಾಯುವ ಹಾಗಾಗಿದ್ದಳು. ಹೊದಿಸಲು ಮನೆಯಲ್ಲಿ ಏನೂ ಇರಲಿಲ್ಲ.

"ಈ ಸಲ ಚಳಿ ಬರೂದರೊಳಗ ಕೂಸಿಗೆ ದುಪ್ಪಟಿ ನೇಯ್ದೇ ನೇಯ್ತೇನಿ" ಅಂದಳು ದುಂಡವ್ವ. ಹಟ ಅಂದರೆ ಹಟ.

ನೇಯುವ ಮೊದಲು ಏನು ಮಾಡುತ್ತಾರೆ, ನೀನೇ ದಿನಾ ನೋಡುತ್ತೀಯಲ್ಲ? ಉದ್ದನೆಯ ನೂಲಿನ ಹಾಸನ್ನು ಬೀದಿಯಲ್ಲಿ ಎಳೆದು ಕಟ್ಟಿ, ಗಂಜಿ ಸವರಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಗಂಜಿ ಕುಡಿದ ನೂಲಿಗೇ ಬಲ. ಒಣಗುವ ಮೊದಲೇ ಮಳೆ ಬಿತ್ತೋ, ಎಳೆಗೆ ಎಳೆ ಅಂಟಿಕೊಂಡು ಎಲ್ಲ ಹಾಳು.

ದುಂಡವ್ವ ಹಾಸು ಕಟ್ಟಿದಳು. ಹಿಂಗಾರಿ ಬಂದು ಸುರಿದಳು. ದುಂಡವ್ವ ಮತ್ತೆ ಕಟ್ಟಿದಳು. ಹಿಂಗಾರಿ ಮತ್ತೆ ಸುರಿದಳು. ಕೊನೆಗೆ ಮನೆಯಲ್ಲಿ ಉಳಿದದ್ದು ಒಂದೇ ಹಾಸಿಗಾಗುವಷ್ಟು ನೂಲು.

"ಬಿಡು ದುಂಡವ್ವ, ಬ್ಯಾಸಗಿ ಬರಲಿ" ಅಂದರು ಬೀದಿಯವರು.

"ಬ್ಯಾಸಗ್ಯಾಗ ದುಪ್ಪಟಿ ಹೊದಸಲೇನು? ನಿಮ್ಮ ತಲಿ!" ಅಂದು ಅವಳು ಇದ್ದ ನೂಲನ್ನೂ ಕಟ್ಟಿಬಿಟ್ಟಳು. ಕೈಯಲ್ಲಿ ಕುಂಚ ಹಿಡಿದು ಮೂಡಣಕ್ಕೆ ಮುಖ ಮಾಡಿ ನಿಂತಳು.

ಹಿಂಗಾರಿ ಕೊಡ ಹೊತ್ತು ಬಂದೇ ಬಂದಳು.

"ಏ ಹುಡುಗಿ, ಅಲ್ಲೇ ನಿಂದ್ರು! ಒಂದು ಹನಿ ಬಿದ್ದರ ನೋಡು! ಹೇಳದ ಕೇಳದ, ಮಂದಿ ನೂಲಿನ ಮ್ಯಾಲೆ ಹಿಂಗ ಸುರೀತಾರೇನು?"

ಹಿಂಗಾರಿಯ ಕಣ್ಣು ತುಂಬಿತು. "ಅಣ್ಣ ಬಂದರ ಆರತಿ, ನಾ ಬಂದರ ಬೈಗುಳ. ಅಷ್ಟು ದೂರದಿಂದ ಹೊತಗೊಂಡು ಬಂದ ಕೊಡ ಎಲ್ಲಿ ಇಳಸಲಿ? ಹೊಲದಾಗ ಜೋಳದ ಸಸಿ ನನ್ನ ದಾರಿ ನೋಡಾಕತ್ತಾವ."

ಅದೂ ನಿಜವೇ. ಮಳೆಯನ್ನು ಓಡಿಸಿದರೆ ನಿಂಬಿ ಉಣ್ಣುವುದೇನನ್ನು? ದುಂಡವ್ವನ ದನಿ ಇಳಿಯಿತು.

"ಬರಬ್ಯಾಡ ಅನ್ನೂದಿಲ್ಲವ್ವ. ಸಂಜಿಮುಂದ ಬಾ. ಬರೂ ಮೊದಲ ಒಂದು ಕೂಗು ಹಾಕು. ನಾ ಹಾಸು ಒಳಗಿಟ್ಟು ಆರತಿ ಹಿಡಕೊಂಡು ನಿಂದಿರತೇನಿ."

"ಸಂಜೀತನಕ ಹ್ಯಾಂಗ ಕಾಯಲಿ? ಸದಾ ತೊಯ್ದ ಮೈ ನಂದು. ಮ್ಯಾಲೆ ಹೊದಿಯಾಕ ಏನೂ ಇಲ್ಲ." ನಿಜವಾಗಿಯೂ ಹುಡುಗಿ ಗಡಗಡ ನಡುಗುತ್ತಿದ್ದಳು.

ದುಂಡವ್ವ ಮನೆಯ ಕಡೆ ನೋಡಿದಳು. ಒಳಗೆ ನಿಂಬಿ. ಹೊರಗೆ ಇವಳು. ನೂಲು ಮಾತ್ರ ಇಷ್ಟೇ.

"ದುಪ್ಪಟಿಯೊಳಗ ಅರ್ಧಾ ನಿಂದು. ಮಾತಂದರ ಮಾತು" ಅಂದಳು.

ಹಿಂಗಾರಿ ಕಾದಳು. ಸಂಜೆಯಾಗುತ್ತಲೇ "ದುಂಡವ್ವಾ, ಬಂದೇನೀ!" ಅಂತ ಮೂಡಣದಲ್ಲಿ ಗುಡುಗಿದಳು. ಅಷ್ಟರಲ್ಲಿ ಹಾಸು ಒಣಗಿ ಒಳಗೆ ಸೇರಿತ್ತು. ಆರತಿಯೂ ಆಯಿತು, ಮಳೆಯೂ ಆಯಿತು, ಜೋಳವೂ ನಕ್ಕಿತು.

ದುಪ್ಪಟಿ ಮಗ್ಗದಿಂದ ಇಳಿದ ದಿನ ದುಂಡವ್ವ ಕತ್ತರಿ ತಂದಳು. "ಅಯ್ಯ, ಮುದುಕಿಗೆ ಬುದ್ಧಿಗಿದ್ಧಿ ಐತೇನು! ಮಳಿಗೆ ಯಾರರ ಅರಿವಿ ಕೊಡ್ತಾರೇನು?" ಅಂತ ಬೀದಿಯವರು ಕೈ ಹಿಡಿದರು. ಅವಳು ಕೇಳಲಿಲ್ಲ. ಕಚಕ್ಕನೆ ನಡುವೆ ಕತ್ತರಿಸಿ ಅರ್ಧವನ್ನು ಹಿಂಗಾರಿಯ ಹೆಗಲಿಗೆ ಹಾಕಿದಳು.

ಉಳಿದರ್ಧ ನಿಂಬಿಗೆ ಸಾಲಲಿಲ್ಲ. ತಲೆ ಮುಚ್ಚಿದರೆ ಕಾಲು ಹೊರಗೆ, ಕಾಲು ಮುಚ್ಚಿದರೆ ತಲೆ ಹೊರಗೆ. ಆದರೂ ದುಂಡವ್ವ ಕೊಟ್ಟದ್ದನ್ನು ತಿರುಗಿ ಕೇಳಲಿಲ್ಲ. ಮೊಮ್ಮಗಳ ಪಾದ ತೊಡೆಯ ಮೇಲಿಟ್ಟುಕೊಂಡು, ಉಜ್ಜುತ್ತ ಉಜ್ಜುತ್ತ ಕೂತಲ್ಲೇ ನಿದ್ದೆ ಹೋದಳು.

ನಸುಕಿನಲ್ಲಿ ಹಿಂಗಾರಿ ಆ ದಾರಿಯಲ್ಲೇ ಕಡಲಿಗೆ ಹೊರಟಿದ್ದಳು. ತೆರೆದ ಬಾಗಿಲಿನಿಂದ ಆ ತಣ್ಣನೆಯ ಪುಟ್ಟ ಪಾದ ಕಂಡಿತು. ಅದನ್ನು ಹಿಡಿದ ಮುದಿ ಕೈಯೂ ಕಂಡಿತು. ಅವಳಿಗೆ ಅಳು ತಡೆಯಲಾಗಲಿಲ್ಲ. ತನ್ನ ಅರ್ಧವನ್ನು ಬಿಚ್ಚಿ ಮೆಲ್ಲಗೆ ಹೊದಿಸಿದಳು.

ಮಳೆ ಮುಟ್ಟಿದ ಬಟ್ಟೆಯಲ್ಲವೇ? ಹರಡಿತು, ಹರಡಿತು. ನಿಂಬಿಯ ಕಾಲು ಮುಚ್ಚಿತು, ದುಂಡವ್ವನ ಹೆಗಲು ಮುಚ್ಚಿತು, ಬೀದಿಯನ್ನೂ ಹೊಲವನ್ನೂ ಮುಚ್ಚಿತು. ಎಲ್ಲ ಬೆಳ್ಳಗೆ, ಎಲ್ಲ ಮೆತ್ತಗೆ. ಹೊತ್ತೇರಿ ದುಂಡವ್ವ ಎದ್ದು ಬೇರೆಯವರ ಮಕ್ಕಳಿಗಾಗಿ, ಅವರೇ ಕೊಟ್ಟ ನೂಲಿನ ಹೊಸ ಹಾಸು ಹೊರತಂದಾಗ, ಹಿಂಗಾರಿ ತನ್ನ ಬಟ್ಟೆಯನ್ನು ಸರ್ರನೆ ಎಳೆದುಕೊಂಡಳು. ಹಾಸು ಒಣಗಲು ಬಿಸಿಲು ಬೇಕಲ್ಲ!

ದಿನಾ ನಸುಕಿನಲ್ಲಿ ಹೀಗೇ ಹೊದಿಸಿ ಹೋಗುತ್ತಿದ್ದಳು. ಆ ಚಳಿಗಾಲ ನಿಂಬಿ ಒಂದು ಸಲವೂ ಕೆಮ್ಮಲಿಲ್ಲ.

ಅದಕ್ಕೇ ಕೂಸೇ, ಇವತ್ತಿಗೂ ಈ ದಿನಗಳಲ್ಲಿ ಸಂಜೆ ಗುಡುಗು ಕೇಳಿದೊಡನೆ ನಮ್ಮ ಬೀದಿಯವರು ಹಾಸು ಸುತ್ತಿ ಒಳಗಿಡುತ್ತಾರೆ, ಮತ್ತು ಬೆಳಿಗ್ಗೆ ನೀನು ಬಾಗಿಲು ತೆಗೆದಾಗ ಊರ ತುಂಬ ಬೆಳ್ಳಗೆ ಕಾಣುವ ಮಂಜು, ಯಾವ ಮಗುವಿನ ಕಾಲೂ ಹೊರಗಿರಬಾರದೆಂದು ಹಿಂಗಾರಿ ಹೊದಿಸಿದ ಆ ಅರ್ಧ ದುಪ್ಪಟಿ.